ಎರಡು ಡೋಸ್ ಆಗಿತ್ತಲ್ಲ, ಮತ್ತೆ ಹೇಗೆ ಬಂತು?

2022ರ ಜನವರಿಯಲ್ಲಿ ಕೋವಿಡ್ ಪಾಸಿಟಿವ್ ಆದ ಯಾರನ್ನು ಬೇಕಾದರೂ ಕೇಳಿ ನೋಡಿ. ಗಂಟಲು ನೋವಿಗಿಂತ ಹೆಚ್ಚಾಗಿ ಒಂದು ಪ್ರಶ್ನೆ ಕಾಡಿತು ಎನ್ನುತ್ತಾರೆ: ‘ಎರಡು ಡೋಸ್ ಆಗಿತ್ತಲ್ಲ, ಮತ್ತೆ ಹೇಗೆ ಬಂತು?’ ಅಮ್ಮ ಗಾಬರಿಯಿಂದ ಕೇಳುತ್ತಾರೆ. ಪಕ್ಕದ ಮನೆಯವರು ಅನುಮಾನದಿಂದ ಕೇಳುತ್ತಾರೆ. ಗೆಳೆಯರು ಅರ್ಧ ತಮಾಷೆ, ಅರ್ಧ ಭಯದಲ್ಲಿ ಕೇಳುತ್ತೇವೆ. ಕೇಳುವವರಿಗೆ ಅದು ಬರೀ ಕುತೂಹಲ. ಜ್ವರ ಬಂದು ಮಲಗಿದವನಿಗೆ ಮಾತ್ರ ‘ನೀನು ಏನೋ ತಪ್ಪು ಮಾಡಿದ್ದೀಯ’ ಎಂದು ಕೇಳಿಸುತ್ತದೆ.

ನಮ್ಮ ಪಿ.ಜಿ.ಯಲ್ಲಿ ಎರಡು ವಾರಗಳಲ್ಲಿ ಐದು ಜನ ಪಾಸಿಟಿವ್ ಆದರು. ಐವರಿಗೂ ಎರಡು ಡೋಸ್ ಆಗಿತ್ತು. ಐವರೂ ಗುಣವಾದರು. ಆ ದಿನಗಳಲ್ಲಿ ನಾವು ಓದಿಕೊಂಡದ್ದು, ಮಾಡಿದ್ದು ಎರಡೂ ಬೇರೆ ಹಾಸ್ಟೆಲ್, ಪಿ.ಜಿ.ಗಳಲ್ಲಿ ಇರುವವರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಲಸಿಕೆ ಕೊಟ್ಟ ಮಾತು ಯಾವುದು?

ಲಸಿಕೆ ಪಡೆದ ಮೇಲೂ ಸೋಂಕು ತಗುಲಿದರೆ ಅದನ್ನು ‘ಬ್ರೇಕ್‌ಥ್ರೂ ಇನ್ಫೆಕ್ಷನ್’ ಎನ್ನುತ್ತಾರೆ. ಕೋವಿಡ್‌ಗಾಗಿ ಹುಟ್ಟಿದ ಪದವಲ್ಲ ಇದು. ಬೇರೆ ಲಸಿಕೆಗಳಲ್ಲೂ ಇದ್ದದ್ದೇ. ಕೋವ್ಯಾಕ್ಸಿನ್‌ನ ಮೂರನೇ ಹಂತದ ಪ್ರಯೋಗದಲ್ಲಿ ಲಕ್ಷಣ ಇರುವ ಕಾಯಿಲೆಯನ್ನು ತಡೆಯುವ ಸಾಮರ್ಥ್ಯ ಶೇ 77.8 ಎಂದು ಬಂದಿತ್ತು. ಕೋವಿಶೀಲ್ಡ್‌ನದ್ದೂ ಶೇ 100 ಆಗಿರಲಿಲ್ಲ. ಅಂದರೆ ‘ಬರುವುದೇ ಇಲ್ಲ’ ಎಂದು ಲಸಿಕೆ ಕಂಡುಹಿಡಿದವರು ಯಾವತ್ತೂ ಹೇಳಿರಲಿಲ್ಲ. ಹಾಗೆ ಅಂದುಕೊಂಡವರು ನಾವು.

ಎಲೆಕ್ಟ್ರಿಕಲ್ ಲ್ಯಾಬಿನ ಉದಾಹರಣೆ ಕೊಡುತ್ತೇನೆ. ಮನೆಯ ಮೀಟರ್ ಬೋರ್ಡಿನಲ್ಲಿ ಎಂಸಿಬಿ ಇರುತ್ತದೆ. ಶಾರ್ಟ್ ಸರ್ಕಿಟ್ ಆಗದಂತೆ ತಡೆಯುವುದು ಅದರ ಕೆಲಸವಲ್ಲ. ಶಾರ್ಟ್ ಆದಾಗ ಕಿಡಿ ಬರುತ್ತದೆ, ಎಂಸಿಬಿ ಟ್ರಿಪ್ ಆಗುತ್ತದೆ, ಸ್ವಲ್ಪ ಹೊತ್ತು ಕತ್ತಲಾಗುತ್ತದೆ. ಆದರೆ ಮನೆ ಸುಟ್ಟುಹೋಗುವುದಿಲ್ಲ. ಕತ್ತಲಾಯಿತೆಂದು ಎಂಸಿಬಿಯನ್ನು ಬೈದುಕೊಂಡು ಕಿತ್ತೆಸೆಯುವವರು ಯಾರೂ ಇಲ್ಲ.

ದೇಹದೊಳಗೆ ಆಗುವುದೂ ಹೆಚ್ಚುಕಡಿಮೆ ಇದೇ. ಲಸಿಕೆ ಹಾಕಿಸಿಕೊಂಡ ಕೆಲವು ವಾರಗಳಲ್ಲಿ ರಕ್ತದಲ್ಲಿ ಪ್ರತಿಕಾಯಗಳ ಪ್ರಮಾಣ ಹೆಚ್ಚಿರುತ್ತದೆ. ತಿಂಗಳುಗಳು ಕಳೆದಂತೆ ಅದು ಇಳಿಯುತ್ತದೆ. ನಮ್ಮ ಬ್ಯಾಚಿನ ಲೆಕ್ಕವನ್ನೇ ನೋಡಿ. 18 ವರ್ಷ ದಾಟಿದವರಿಗೆಲ್ಲ ಲಸಿಕೆ ತೆರೆದದ್ದು 2021ರ ಮೇ 1ರಂದು. ಜುಲೈ 26ಕ್ಕೆ ರಾಜ್ಯದಲ್ಲಿ ಪದವಿ ಕಾಲೇಜುಗಳು ತೆರೆದಾಗ ಕನಿಷ್ಠ ಒಂದು ಡೋಸ್ ಆಗಿರಬೇಕು ಎಂಬ ನಿಯಮ ಇತ್ತು. ಹಾಗಾಗಿ ನಮ್ಮಲ್ಲಿ ಹೆಚ್ಚಿನವರು ಜೂನ್, ಜುಲೈನಲ್ಲಿ ಕ್ಯೂ ನಿಂತೆವು. ಕೋವಿಶೀಲ್ಡ್‌ಗೆ ಆಗ 84 ದಿನಗಳ ಅಂತರ ಇತ್ತು. ಎರಡನೇ ಡೋಸ್ ಮುಗಿಯುವ ಹೊತ್ತಿಗೆ ದಸರಾ. ಆಮೇಲೆ 2022ರ ಸಂಕ್ರಾಂತಿಯೂ ಕಳೆಯಿತು.

ಇನ್ನೊಂದು ವಿಷಯ. ಚುಚ್ಚುಮದ್ದು ಹಾಕಿದ್ದು ತೋಳಿಗೆ, ಪ್ರತಿಕಾಯಗಳು ಮುಖ್ಯವಾಗಿ ಓಡಾಡುವುದು ರಕ್ತದಲ್ಲಿ. ವೈರಸ್ ಮೊದಲು ಬಂದು ಕೂರುವುದು ಮೂಗಿನಲ್ಲಿ, ಗಂಟಲಿನಲ್ಲಿ. ಅದರ ಜೊತೆಗೆ ಓಮೈಕ್ರಾನ್ ತಳಿಯ ಸ್ಪೈಕ್ ಪ್ರೋಟೀನಿನಲ್ಲಿ 30ಕ್ಕೂ ಹೆಚ್ಚು ಬದಲಾವಣೆಗಳಿವೆ. ಹಳೆಯ ಫೋಟೊ ಹಿಡಿದು ಹುಡುಕುತ್ತಿರುವ ಗೇಟಿನ ಕಾವಲುಗಾರನ ಮುಂದೆ ವೇಷ ಬದಲಿಸಿಕೊಂಡು ಬಂದ ಹಾಗೆ. ಗೇಟು ದಾಟಿಬಿಡುತ್ತದೆ. ಆದರೆ ಲಸಿಕೆ ತಯಾರು ಮಾಡಿಟ್ಟ ನೆನಪಿನ ಕೋಶಗಳು ಒಳಗೇ ಇರುತ್ತವೆ. ಸೋಂಕು ತಗುಲಿದ ಕೋಶಗಳನ್ನು ಗುರುತಿಸುವ ಟಿ ಕೋಶಗಳನ್ನು ಈ ವೇಷದಿಂದ ಪೂರ್ತಿ ಮೋಸ ಮಾಡುವುದು ಕಷ್ಟ. ಅವೆಲ್ಲ ಎದ್ದು ಕೆಲಸಕ್ಕೆ ಇಳಿಯಲು ಕೆಲವು ದಿನ ಬೇಕು. ನಮಗೆ ಜ್ವರ, ಮೈಕೈ ನೋವು, ಕೆಮ್ಮು ಬರುವುದು ಆ ದಿನಗಳಲ್ಲಿ. ಕಾಯಿಲೆ ಶ್ವಾಸಕೋಶಕ್ಕಿಳಿದು ಆಮ್ಲಜನಕದ ಹಾಸಿಗೆ ಹುಡುಕುವ ಸ್ಥಿತಿ ಬಾರದಂತೆ ತಡೆಯುವ ಕೆಲಸವನ್ನು ಹೆಚ್ಚಿನವರಲ್ಲಿ ಲಸಿಕೆ ಮಾಡುತ್ತಿದೆ.

ವಾಟ್ಸ್‌ಆ್ಯಪ್‌ನ ಶೇಕಡಾ ಲೆಕ್ಕ

‘ಸೋಂಕಿತರಲ್ಲಿ ಮುಕ್ಕಾಲು ಪಾಲು ಲಸಿಕೆ ಹಾಕಿಸಿಕೊಂಡವರೇ, ಹಾಗಾದರೆ ಲಸಿಕೆ ದಂಡ’ ಎಂಬ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇಂಥ ಅಂಕಿ ಸುಳ್ಳಾಗಿರಬೇಕಿಲ್ಲ. ಅದರಿಂದ ತೆಗೆದ ತೀರ್ಮಾನ ತಪ್ಪು.

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. 100 ಜನರ ಹಾಸ್ಟೆಲ್. 90 ಜನರಿಗೆ ಲಸಿಕೆ ಆಗಿದೆ, 10 ಜನರಿಗೆ ಆಗಿಲ್ಲ. ಲಸಿಕೆ ಇಲ್ಲದ 10ರಲ್ಲಿ 6 ಜನರಿಗೆ, ಲಸಿಕೆ ಆದ 90ರಲ್ಲಿ 30 ಜನರಿಗೆ ಸೋಂಕು ಬಂತು ಎಂದುಕೊಳ್ಳಿ. ಒಟ್ಟು 36. ಅದರಲ್ಲಿ 30 ಜನ, ಅಂದರೆ ಶೇ 83ರಷ್ಟು, ಲಸಿಕೆ ಹಾಕಿಸಿಕೊಂಡವರೇ! ಮೆಸೇಜಿಗೆ ಒಳ್ಳೆಯ ತಲೆಬರಹ ಸಿಕ್ಕಿತು. ಆದರೆ ಸರಿಯಾದ ಪ್ರಶ್ನೆ ಬೇರೆ. ಲಸಿಕೆ ಇಲ್ಲದವರಲ್ಲಿ ಶೇ 60 ಜನರಿಗೆ ಬಂತು, ಇದ್ದವರಲ್ಲಿ ಶೇ 33 ಜನರಿಗೆ. ಎಲ್ಲರೂ ಲಸಿಕೆ ಹಾಕಿಸಿಕೊಂಡ ಹಾಸ್ಟೆಲ್‌ನಲ್ಲಿ ಒಬ್ಬನಿಗೆ ಸೋಂಕು ಬಂದರೂ ‘ಸೋಂಕಿತರಲ್ಲಿ ಶೇ 100 ಲಸಿಕೆ ಪಡೆದವರು’ ಎಂದೇ ಲೆಕ್ಕ ಬರುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇದು ಹೊಸದಲ್ಲ. ಛೇದದಲ್ಲಿ ಯಾವ ಸಂಖ್ಯೆ ಇದೆ ಎಂದು ನೋಡದೆ ಉತ್ತರ ಬರೆಯಬಾರದು, ಅಷ್ಟೆ.

ನಿಜವಾದ ಉದಾಹರಣೆಯೂ ಇದೆ. 2021ರ ಜುಲೈನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಪ್ರವಾಸಿ ಊರಿನಲ್ಲಿ ಜನ ಸೇರಿದ್ದ ಕಾರ್ಯಕ್ರಮಗಳ ನಂತರ ಆ ರಾಜ್ಯದ 469 ನಿವಾಸಿಗಳಲ್ಲಿ ಸೋಂಕು ಪತ್ತೆಯಾಯಿತು. ಅವರಲ್ಲಿ 346 ಜನ, ಶೇ 74ರಷ್ಟು, ಪೂರ್ತಿ ಲಸಿಕೆ ಪಡೆದವರು. ಇಷ್ಟನ್ನೇ ಫಾರ್ವರ್ಡ್ ಮಾಡಿದವರು ಬಹಳ. ಆ 346ರಲ್ಲಿ ಆಸ್ಪತ್ರೆ ಸೇರಿದವರು ನಾಲ್ವರು, ಸತ್ತವರು ಒಬ್ಬರೂ ಇಲ್ಲ ಎಂಬ ಮುಂದಿನ ಸಾಲನ್ನು ಹೆಚ್ಚಿನವರು ಓದಲಿಲ್ಲ.

ನಮ್ಮಲ್ಲೂ ಅದೇ ವರ್ಷದ ನವೆಂಬರ್‌ನಲ್ಲಿ ಧಾರವಾಡದ ಒಂದು ವೈದ್ಯಕೀಯ ಕಾಲೇಜಿನಲ್ಲಿ ಕಾರ್ಯಕ್ರಮವೊಂದರ ನಂತರ ಇನ್ನೂರಕ್ಕೂ ಹೆಚ್ಚು ಜನರಿಗೆ ಸೋಂಕು ಬಂದಾಗ ಅವರಲ್ಲಿ ಬಹುತೇಕರಿಗೆ ಲಸಿಕೆ ಆಗಿತ್ತು. ಡಿಸೆಂಬರ್ 2ರಂದು ದೇಶದ ಮೊದಲ ಎರಡು ಓಮೈಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ಎಂದು ಪ್ರಕಟವಾದಾಗ ಒಬ್ಬರು ಎರಡೂ ಡೋಸ್ ಪಡೆದಿದ್ದ ವೈದ್ಯರು. ವೈದ್ಯರಿಗೇ ಬರಬಹುದಾದರೆ, ಮೂರು ಮಂಚದ ರೂಮಿನಲ್ಲಿ ಮಲಗುವ ನಮಗೆ ಬಂದದ್ದು ಅಪರಾಧ ಹೇಗಾದೀತು?

ಮುಚ್ಚಿಟ್ಟರೆ ಏನಾಗುತ್ತದೆ

ನಮ್ಮ ಪಿ.ಜಿ.ಯಲ್ಲಿ ಮೊದಲು ಪಾಸಿಟಿವ್ ಆದವನ ಫೋಟೊ ಹಾಕಿ ಯಾರೋ ಗ್ರೂಪಿನಲ್ಲಿ ‘ಸೂಪರ್ ಸ್ಪ್ರೆಡರ್’ ಎಂದು ಮೀಮ್ ಮಾಡಿದರು. ನಕ್ಕವರು ಬಹಳ. ಅದಾದ ಎರಡು ದಿನಕ್ಕೆ ಕೆಳಗಿನ ಮಹಡಿಯ ಒಬ್ಬನಿಗೆ ಗಂಟಲು ಕೆರೆತ ಶುರುವಾಯಿತು. ಅವನು ಯಾರಿಗೂ ಹೇಳಲಿಲ್ಲ. ಪ್ಯಾರಸಿಟಮಾಲ್ ನುಂಗಿ, ಎಲ್ಲರ ಜೊತೆ ಕೂತು ಊಟ ಮಾಡಿದ. ಮೂರನೇ ದಿನ ಜ್ವರ ಏರಿದಾಗ ಗೊತ್ತಾಯಿತು. ಆಮೇಲೆ ಕೇಳಿದಾಗ ಅವನು ಹೇಳಿದ ಮಾತು ಇದು: ‘ಎರಡು ಡೋಸ್ ಆಗಿದೆ, ಇದು ಅದಲ್ಲ ಅಂತ ಅಂದ್ಕೊಂಡೆ. ಅದೇ ಆಗಿದ್ರೆ ನೀವೆಲ್ಲ ಏನಂತೀರೋ ಅಂತ ಭಯ ಆಯ್ತು.’

ಇದರಲ್ಲಿ ಎರಡು ವಿಷಯಗಳಿವೆ. ಲಸಿಕೆ ಆಗಿದೆ ಎಂಬ ಧೈರ್ಯ ಅವನನ್ನು ಟೆಸ್ಟ್‌ನಿಂದ ದೂರ ಇಟ್ಟಿತು. ನಮ್ಮ ಬಾಯಿಯ ಭಯ ಅವನನ್ನು ಸತ್ಯ ಹೇಳುವುದರಿಂದ ದೂರ ಇಟ್ಟಿತು. ಮೊದಲನೆಯದಕ್ಕೆ ಮಾಹಿತಿ ಸಾಕು. ಎರಡನೆಯದಕ್ಕೆ ಗೆಳೆಯರು ಬದಲಾಗಬೇಕು. ಯಾರಾದರೂ ‘ನನಗೆ ಗಂಟಲು ನೋವು’ ಎಂದ ಕೂಡಲೇ ಬೈಗುಳ ಸಿಗದ ರೂಮಿನಲ್ಲಿ ಸೋಂಕು ಬೇಗ ಗೊತ್ತಾಗುತ್ತದೆ. ಬೇಗ ಗೊತ್ತಾದರೆ ಕಡಿಮೆ ಜನರಿಗೆ ಹರಡುತ್ತದೆ. ಗೆಳೆಯನನ್ನು ಗೌರವದಿಂದ ಕಾಣುವುದು ಒಳ್ಳೆಯತನ ಅಷ್ಟೇ ಅಲ್ಲ, ಮಾಸ್ಕ್‌ನಷ್ಟೇ ಉಪಯೋಗದ ಮುನ್ನೆಚ್ಚರಿಕೆಯೂ ಹೌದು.

‘ಓಮೈಕ್ರಾನ್ ಅಂದ್ರೆ ನೆಗಡಿ ಅಷ್ಟೇ, ಬಂದ್ರೆ ಬರಲಿ’ ಎನ್ನುವವರೂ ಇದ್ದಾರೆ. 20 ವರ್ಷದವನಿಗೆ ಅದು ನೆಗಡಿ ಇರಬಹುದು. ಊರಿನಲ್ಲಿ ಸಕ್ಕರೆ ಕಾಯಿಲೆಯ ಅಜ್ಜಿಗೆ ನೆಗಡಿಯಾಗಿಯೇ ಇರುತ್ತದೆ ಎಂದು ಹೇಳಲಾಗದು. ಹಿರಿಯರಿಗೆ ಮುನ್ನೆಚ್ಚರಿಕೆ ಡೋಸ್ ಶುರುವಾಗಿದ್ದೇ 2022ರ ಜನವರಿ 10ರಿಂದ. 15 ವರ್ಷದೊಳಗಿನ ಮಕ್ಕಳಿಗೆ ಆಗ ಇನ್ನೂ ಲಸಿಕೆಯೇ ಇರಲಿಲ್ಲ. ನಮ್ಮ ಪಿ.ಜಿ. ಮಾಲೀಕರು ‘ಪಾಸಿಟಿವ್ ಆದವರು ಊರಿಗೆ ಹೊರಡಿ’ ಎಂದಾಗ ನಾವೆಲ್ಲ ಸೇರಿ ವಿರೋಧಿಸಿದ್ದು ಇದೇ ಕಾರಣಕ್ಕೆ. ಜ್ವರ ಇಟ್ಟುಕೊಂಡು ಎಂಟು ಗಂಟೆ ಬಸ್ಸಿನಲ್ಲಿ ಕೂತು, ಕೊನೆಗೆ ಹಿರಿಯರಿರುವ ಮನೆಗೆ ಹೋಗುವುದಕ್ಕಿಂತ ಕೆಟ್ಟ ಉಪಾಯ ಬೇರೆ ಇಲ್ಲ. ಬಾಡಿಗೆ ಕೊಟ್ಟ ಕೋಣೆಯಲ್ಲೇ ಏಳು ದಿನ ಇರುತ್ತಾರೆ, ಊಟದ ಜವಾಬ್ದಾರಿ ನಮ್ಮದು ಎಂದೆವು. ಒಂದು ಗಂಟೆ ವಾದ ಆದ ಮೇಲೆ ಒಪ್ಪಿದರು.

ಮೂರು ಮಂಚದ ರೂಮಿನಲ್ಲಿ ಐಸೋಲೇಷನ್

2022ರ ಜನವರಿ 5ರಂದು ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ಮಾರ್ಗಸೂಚಿ ಪ್ರಕಾರ ಸೌಮ್ಯ ಲಕ್ಷಣ ಇದ್ದವರು ಪಾಸಿಟಿವ್ ಆದ ದಿನದಿಂದ ಕನಿಷ್ಠ ಏಳು ದಿನ ಪ್ರತ್ಯೇಕವಾಗಿರಬೇಕಿತ್ತು. ಸತತ ಮೂರು ದಿನ ಜ್ವರ ಇಲ್ಲದಿದ್ದರೆ ಐಸೋಲೇಷನ್ ಮುಗಿಯಿತು, ಮತ್ತೆ ಟೆಸ್ಟ್ ಬೇಕಿರಲಿಲ್ಲ. ಪ್ರತ್ಯೇಕ ಕೋಣೆ ಇರಬೇಕು ಎಂದೂ ಅದು ಹೇಳುತ್ತಿತ್ತು. ಪಿ.ಜಿ.ಯಲ್ಲಿ ಅದೇ ದೊಡ್ಡ ತೊಡಕು.

ನಾವು ಮಾಡಿದ್ದು ಸರಳ. ಪಾಸಿಟಿವ್ ಆದವರನ್ನೆಲ್ಲ ಕಿಟಕಿ ದೊಡ್ಡದಿದ್ದ ಎರಡು ರೂಮುಗಳಿಗೆ ಸೇರಿಸಿ, ಉಳಿದವರು ಬೇರೆ ರೂಮುಗಳಲ್ಲಿ ಹೊಂದಿಕೊಂಡೆವು. ನಾವೂ ಸಂಪರ್ಕಿತರೇ ಆದ್ದರಿಂದ ಒಳಗೂ ಮಾಸ್ಕ್ ಹಾಕಿಕೊಂಡು, ಹೊರಗಿನ ತಿರುಗಾಟ ನಿಲ್ಲಿಸಿದೆವು. ಸೋಂಕಿತರ ರೂಮಿನ ಕಿಟಕಿ ಹಗಲೆಲ್ಲ ತೆರೆದಿರಬೇಕು ಎಂಬುದು ನಿಯಮ. ವೈರಸ್ ಮುಖ್ಯವಾಗಿ ಗಾಳಿಯಲ್ಲಿ ಹರಡುವುದರಿಂದ ಬಾಗಿಲ ಚಿಲಕಕ್ಕೆ ಹತ್ತು ಸಲ ಸ್ಯಾನಿಟೈಸರ್ ಹೊಡೆಯುವುದಕ್ಕಿಂತ ತೆರೆದ ಕಿಟಕಿ ಹೆಚ್ಚು ಕೆಲಸ ಮಾಡುತ್ತದೆ. ಶೌಚಾಲಯ ಒಂದೇ ಇದ್ದ ಕಡೆ ಅವರು ಕೊನೆಗೆ ಬಳಸಿ, ಕಿಟಕಿ ತೆರೆದು, ಅರ್ಧ ಗಂಟೆ ಬಿಟ್ಟು ಉಳಿದವರು ಹೋಗುವುದು. ಬಾಗಿಲ ಹೊರಗೆ ಒಂದು ಕುರ್ಚಿ. ಊಟ, ಬಿಸಿನೀರಿನ ಫ್ಲಾಸ್ಕ್, ಮಾತ್ರೆ ಎಲ್ಲ ಆ ಕುರ್ಚಿಯ ಮೇಲೆ. ಇಟ್ಟು, ಬಾಗಿಲು ಬಡಿದು, ದೂರ ನಿಲ್ಲುವುದು.

ಒಬ್ಬನೇ ಎಲ್ಲವನ್ನೂ ಮಾಡಲು ಹೋದರೆ ಎರಡು ದಿನಕ್ಕೆ ಸುಸ್ತಾಗುತ್ತಾನೆ. ಹಾಗಾಗಿ ಕೆಲಸ ಹಂಚಿಕೊಂಡೆವು. ಊಟ ಒಬ್ಬನ ಪಾಲು, ಮೆಡಿಕಲ್ ಶಾಪ್ ಒಬ್ಬನ ಪಾಲು, ಕ್ಲಾಸ್ ನೋಟ್ಸ್ ಇನ್ನೊಬ್ಬನ ಪಾಲು. ಅವರ ಮನೆಯವರಿಗೆ ದಿನಕ್ಕೊಂದು ಸಲ ಫೋನ್ ಮಾಡಿ ಸುದ್ದಿ ಹೇಳುವುದು ನನ್ನ ಪಾಲಿಗೆ ಬಂತು. ಮಗ ‘ಚೆನ್ನಾಗಿದ್ದೀನಿ’ ಎಂದರೆ ಅಮ್ಮಂದಿರು ನಂಬುವುದಿಲ್ಲ. ಗೆಳೆಯ ‘ಎರಡು ಚಪಾತಿ ತಿಂದ’ ಎಂದರೆ ನಂಬುತ್ತಾರೆ.

ರಾತ್ರಿ ಎರಡು ಗಂಟೆಯ ಆಕ್ಸಿಮೀಟರ್

ಐವರಲ್ಲಿ ಒಬ್ಬನಿಗೆ ಕಾಯಿಲೆ ಎಲ್ಲರಿಗಿಂತ ಕಡಿಮೆ ಇತ್ತು, ಭಯ ಎಲ್ಲರಿಗಿಂತ ಹೆಚ್ಚಿತ್ತು. 2021ರ ಮೇ ತಿಂಗಳ ಎರಡನೇ ಅಲೆಯಲ್ಲಿ ಅವನ ದೊಡ್ಡಪ್ಪ ತೀರಿಕೊಂಡಿದ್ದರು. ಆಗ ಆಕ್ಸಿಮೀಟರ್‌ನ ಸಂಖ್ಯೆ ಇಳಿಯುತ್ತಿದ್ದುದನ್ನು ಹತ್ತಿರದಿಂದ ನೋಡಿದವನು ಅವನು. ಈಗ ತನ್ನ ಬೆರಳಿಗೆ ಅದನ್ನು ಸಿಕ್ಕಿಸಿಕೊಂಡು ಹತ್ತು ನಿಮಿಷಕ್ಕೊಮ್ಮೆ ನೋಡುತ್ತಿದ್ದ. 98 ಇದ್ದರೂ ನಿದ್ದೆ ಇಲ್ಲ. ರಾತ್ರಿ ಎರಡು ಗಂಟೆಗೆ ‘97 ಆಯ್ತು ಕಣೋ’ ಎಂದು ಮೆಸೇಜ್.

‘ಏನೂ ಆಗಲ್ಲ ಬಿಡೋ’ ಎಂಬ ಮಾತು ಅವನಿಗೆ ಉಪಯೋಗವಾಗಲಿಲ್ಲ. ಏನಾಗಬಹುದು ಎಂದು ಅವನು ಕಣ್ಣಾರೆ ನೋಡಿದ್ದನಲ್ಲ. ಉಪಯೋಗವಾದದ್ದು ಒಂದು ವೇಳಾಪಟ್ಟಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ, ಹೀಗೆ ದಿನಕ್ಕೆ ನಾಲ್ಕೇ ಸಲ ನೋಡುವುದು, ಸಂಖ್ಯೆಯನ್ನು ಬರೆದು ಕಳಿಸುವುದು. ಯಾವ ಸಂಖ್ಯೆಗೆ ಡಾಕ್ಟರಿಗೆ ಫೋನ್ ಮಾಡುತ್ತೇವೆ ಎಂಬುದನ್ನು ಮೊದಲೇ ಅವನ ಮುಂದೆ ನಿರ್ಧರಿಸಿದೆವು. ಆಗಿನ ಮಾರ್ಗಸೂಚಿ ಹೇಳಿದ್ದು ಇಷ್ಟು: 100 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಹೆಚ್ಚಿನ ಜ್ವರ ಮೂರು ದಿನ ದಾಟಿದರೆ, ಉಸಿರಾಟಕ್ಕೆ ತೊಂದರೆಯಾದರೆ, ಒಂದು ಗಂಟೆಯೊಳಗೆ ಮೂರು ಸಲ ನೋಡಿದಾಗಲೂ ಆಮ್ಲಜನಕದ ಮಟ್ಟ 93 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಎದೆಯಲ್ಲಿ ಬಿಡದ ನೋವು ಅಥವಾ ಒತ್ತಡ ಇದ್ದರೆ, ಗೊಂದಲದಿಂದ ಮಾತಾಡಿದರೆ ಅಥವಾ ಎಬ್ಬಿಸಿದರೂ ಏಳದಿದ್ದರೆ, ತೀರಾ ಸುಸ್ತಾದರೆ ಕೂಡಲೇ ವೈದ್ಯರ ಬಳಿ ಹೋಗಬೇಕು. ಇದನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದ ರಾತ್ರಿ ಅವನು ಐದು ಗಂಟೆ ಮಲಗಿದ.

ಸಲಹೆ ಕೊಡುವವರು ತಾವಾಗಿಯೇ ಬರುತ್ತಾರೆ. ಎರಡನೇ ಅಲೆಯ ಕಾಲದ ಮಾತ್ರೆಗಳ ಚೀಟಿಯ ಫೋಟೊ ಆಗಲೂ ಓಡಾಡುತ್ತಿತ್ತು. ಅದರಲ್ಲಿ ಆ್ಯಂಟಿಬಯೋಟಿಕ್ ಇತ್ತು, ಸ್ಟೀರಾಯ್ಡ್ ಇತ್ತು. ಆ್ಯಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು, ವೈರಸ್ಸನ್ನಲ್ಲ. ಸೌಮ್ಯ ಕಾಯಿಲೆಗೆ ಸ್ಟೀರಾಯ್ಡ್ ಬೇಡ ಎಂದು ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿತ್ತು. 2021ರಲ್ಲಿ ಕಪ್ಪು ಶಿಲೀಂಧ್ರದ ಕಾಯಿಲೆ ಹೆಚ್ಚಿದಾಗ ಸಕ್ಕರೆ ಕಾಯಿಲೆಯ ಜೊತೆಗೆ ಸ್ಟೀರಾಯ್ಡ್‌ನ ಅತಿ ಬಳಕೆಯ ಹೆಸರೂ ಕೇಳಿಬಂದಿದ್ದನ್ನು ಮರೆಯಬಾರದು. ಗೆಳೆಯನಿಗೆ ಮಾತ್ರೆ ಸೂಚಿಸುವ ಬದಲು ಡಾಕ್ಟರಿಗೆ ಫೋನ್ ಹಚ್ಚಿಕೊಡಿ. ಡಾಕ್ಟರ್ ಸಿಗದಿದ್ದರೆ ಆಗ ಆರೋಗ್ಯ ಸಹಾಯವಾಣಿ 104 ಇತ್ತು, ಆಂಬುಲೆನ್ಸ್‌ಗೆ 108. ಮನಸ್ಸಿನ ತಳಮಳ ಹೆಚ್ಚಾದರೆ ನಿಮ್ಹಾನ್ಸ್‌ನ ಸಹಾಯವಾಣಿ 080-46110007ಕ್ಕೆ ಆಗ ಕರೆ ಮಾಡಬಹುದಿತ್ತು.

ಸಂದರ್ಶನ ಇದ್ದರೆ?

ಕೆಲಸ ಹುಡುಕುವವರಿಗೆ ಇದು ಇನ್ನೊಂದು ಸಂಕಟ. ನಮ್ಮ ಸೀನಿಯರ್ ಒಬ್ಬರಿಗೆ ಪಾಸಿಟಿವ್ ಆದ ಮೂರನೇ ದಿನ ಆನ್‌ಲೈನ್ ಸಂದರ್ಶನ ಇತ್ತು. ಆನ್‌ಲೈನ್ ತಾನೇ, ಹೇಗೋ ಕೂತುಬಿಡುತ್ತೇನೆ ಎಂದು ಹೊರಟಿದ್ದರು. ಎರಡು ವಾಕ್ಯ ಹೇಳುವಷ್ಟರಲ್ಲಿ ಕೆಮ್ಮು. ದಿನಾಂಕ ಮುಂದೂಡಿ ಎಂದು ಕೇಳಿದರೆ ಹೆಸರೇ ತೆಗೆದುಬಿಡುತ್ತಾರೆ ಎಂಬ ಭಯ. ಕೊನೆಗೆ ನಾಲ್ಕು ಸಾಲಿನ ಮೇಲ್ ಬರೆದರು. ಪಾಸಿಟಿವ್ ಬಂದಿದೆ, ವರದಿ ಲಗತ್ತಿಸಿದ್ದೇನೆ, ಇಂಥ ದಿನದ ನಂತರ ಯಾವಾಗ ಕರೆದರೂ ಸಿದ್ಧ, ದಯವಿಟ್ಟು ಅವಕಾಶ ಕೊಡಿ. ಒಂದು ವಾರ ಮುಂದೆ ದಿನಾಂಕ ಸಿಕ್ಕಿತು. ಎಲ್ಲ ಕಡೆ ಹೀಗೇ ಆಗುತ್ತದೆ ಎಂದು ಹೇಳಲಾರೆ. ಆದರೆ ಕೇಳದಿದ್ದರೆ ಎಲ್ಲಿಯೂ ಸಿಗುವುದಿಲ್ಲ. ಜ್ವರದಲ್ಲಿ ಮೇಲ್ ಬರೆಯಲು ತಲೆ ಓಡುವುದಿಲ್ಲ. ಆ ನಾಲ್ಕು ಸಾಲು ಬರೆದುಕೊಡುವುದು ಗೆಳೆಯರು ಮಾಡಬಹುದಾದ ದೊಡ್ಡ ಸಹಾಯ.

ಏಳು ದಿನ ಮುಗಿದ ಕೂಡಲೇ ಎಲ್ಲರೂ ಮೊದಲಿನಂತೆ ಆಗುವುದಿಲ್ಲ. ಇಬ್ಬರಿಗೆ ಎರಡು ಮಹಡಿ ಹತ್ತಿದರೆ ಸುಸ್ತು, ಒಬ್ಬನಿಗೆ ಓದಿದ್ದು ತಲೆಗೆ ಹತ್ತುತ್ತಿಲ್ಲ. ‘ನೆಗೆಟಿವ್ ಆದೆಯಲ್ಲ, ಬಾ ಕ್ರಿಕೆಟ್‌ಗೆ’ ಎಂದು ಎಳೆಯಬೇಡಿ. ಅಸೈನ್‌ಮೆಂಟ್‌ಗೆ ಇನ್ನೊಂದು ವಾರ ಸಮಯ ಕೊಡಿ ಎಂದು ಉಪನ್ಯಾಸಕರನ್ನು ಕೇಳುವಾಗ ಜೊತೆಗೆ ನಿಲ್ಲಿ. ಲಸಿಕೆಯ ಮುಂದಿನ ಡೋಸ್ ಬಾಕಿ ಇದ್ದವರು ಗುಣವಾಗಿ ಮೂರು ತಿಂಗಳ ನಂತರ ಹಾಕಿಸಿಕೊಳ್ಳಬೇಕು ಎಂದು ಸರ್ಕಾರ ಆಗ ಹೇಳಿತ್ತು. ‘ಹೇಗೂ ಬಂತಲ್ಲ, ಇನ್ನೇಕೆ’ ಎಂದು ಬಿಡಬಾರದು.

ವೈರಸ್ ಜೊತೆ ಒಳಗೆ ಹೋರಾಡಲು ಲಸಿಕೆ ನಮ್ಮ ದೇಹಕ್ಕೆ ಕಲಿಸಿಕೊಟ್ಟಿದೆ. ಹೊರಗಿನ ಏಳು ದಿನಗಳನ್ನು ಅದು ನೋಡಿಕೊಳ್ಳುವುದಿಲ್ಲ. ಬಿಸಿನೀರು, ಊಟ, ಮನೆಗೊಂದು ಫೋನ್, ರಾತ್ರಿಯ ಮೆಸೇಜಿಗೆ ಒಂದು ಉತ್ತರ, ಇವೆಲ್ಲ ನಮ್ಮ ಪಾಲಿನ ಕೆಲಸ. ಹಾಗಾಗಿ ನಾಳೆ ನಿಮ್ಮ ಗ್ರೂಪಿನಲ್ಲಿ ಯಾರಾದರೂ ‘ಪಾಸಿಟಿವ್ ಬಂತು’ ಎಂದು ಹಾಕಿದರೆ, ಹೇಗೆ ಬಂತು, ಎಲ್ಲಿಂದ ಬಂತು ಎನ್ನುವುದನ್ನು ಸ್ವಲ್ಪ ತಡೆಯಿರಿ. ಮೊದಲು ಇಷ್ಟು ಟೈಪ್ ಮಾಡಿ: ‘ಊಟ ಆಯ್ತಾ? ಬಾಗಿಲ ಹತ್ರ ಏನು ಇಡ್ಲಿ?’